ಬಾದಾಮಿ, ಬಲಿತ ಕಾಯಿ, ತಂಪು ರೂಮು

“ಹದಿನೇಳನೇದು ಫೇಲ್ ಆಗಿದೆ. ಹದಿನೇಳನೇದು ಯಾವುದು, ಹೇಳಿ ನೋಡೋಣ?”

ಭಾರ್ಗವ್ ನನ್ನ ಹತ್ರ ಆಡಿದ ಮೊದಲನೇ ಮಾತು ಇದು. ನಮಸ್ಕಾರ ಇಲ್ಲ, ನಿಮ್ಮ ಹೆಸರೇನು ಅಂತಿಲ್ಲ. ಮಾಲೂರಿನ ಹೆಡ್ ಆಫೀಸಿಂದ ನಮ್ಮ ಕೆಲಸ ನೋಡೋಕೆ ಅಂತ ಆವತ್ತು ಬೆಳಗ್ಗೆ ತಾನೇ ಬಂದಿಳಿದಿದ್ದ ಮನುಷ್ಯ, ಕೋಲಾರದಲ್ಲಿ ಬಟ್ಟೆ ಅಂಗಡಿ ಮೇಲಿರೋ ನಮ್ಮ ಪುಟ್ಟ ಆಫೀಸಿಗೆ ನುಗ್ಗಿ, ನನ್ನದೇ ಸ್ಕ್ರೀನ್ ಮುಂದೆ ಬಗ್ಗಿ ನಿಂತು ನನಗೇ ಪರೀಕ್ಷೆ ಇಡ್ತಿದ್ದ.

ನಾನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬೆಳೆದವಳು. ಕಿರುಚೋರ ಮಧ್ಯೆ ಕಿರುಚಿ ಮಾತಾಡೋದು ಕಲಿತವಳು. ನನ್ನನ್ನ ಪ್ರಶ್ನೆ ಕೇಳೋರು ಸ್ವಲ್ಪ ನೋಡ್ಕೊಂಡು ಕೇಳಬೇಕು.

“ಹದಿನಾರು ಆದಮೇಲೆ ಬರುತ್ತಲ್ಲ, ಅದು,” ಅಂದೆ.

ಪಕ್ಕದ ಸೀಟಿನ ಆಶಾರಾಣಿ ಬಾಯಿಗೆ ದುಪ್ಪಟ್ಟ ಅಡ್ಡ ಹಿಡಿದು ನಕ್ಕಳು. ಅವನು ನಗಲಿಲ್ಲ. ಅಂದ್ರೆ, ತುಟಿ ನಗಲಿಲ್ಲ. ಕನ್ನಡಕದ ಹಿಂದೆ ಕಣ್ಣು ನಕ್ಕಿತ್ತಂತೆ. ಅದನ್ನ ಆಶಾ ಆಮೇಲೆ ಹೇಳಿದ್ಲು. ನಾನು ಆಗ ಅವನ ಕಣ್ಣು ನೋಡೋ ಸ್ಥಿತಿಯಲ್ಲಿರಲಿಲ್ಲ, ಮೈಯೆಲ್ಲ ಉರೀತಿತ್ತು.

ನಾವು ಮಾಡ್ತಿದ್ದಿದ್ದು ಮಾವಿನ ಮಂಡಿಯವರಿಗೆ ಒಂದು ಆ್ಯಪ್. ಕಾಯಿ ತುಂಬಿಟ್ಟ ಹಣ್ಣು ಮಾಡೋ ರೂಮಿನ ಬಾಗಿಲನ್ನ ಯಾವ ದಿನ ತೆಗೀಬೇಕು ಅಂತ ಹೇಳೋದು ಅದರ ಕೆಲಸ. ತಳಿ ಯಾವುದು, ಕಾಯಿ ಎಷ್ಟು ಬಲಿತಿದೆ, ರೂಮು ಎಷ್ಟು ತಂಪಾಗಿದೆ, ಇಷ್ಟು ಕೊಟ್ರೆ ಅದು ದಿನ ಹೇಳುತ್ತೆ. ಬೇಗ ತೆಗೆದ್ರೆ ಹುಳಿ, ತಡವಾದ್ರೆ ಕೊಳೆತು ನೀರು. ಲೆಕ್ಕ ಹಾಕೋ ಭಾಗ ಬರೆದಿದ್ದು ನಾನು. ಅದು ಸರಿಯಾಗಿದೆಯಾ ಅಂತ ನೋಡೋ ಟೆಸ್ಟನ್ನೂ ನಾನೇ ಬರೀಬೇಕಿತ್ತು. ಜಾಣತನ ಮಾಡಿ ಒಂದೇ ಒಂದು ಟೆಸ್ಟ್ ಬರೆದು, ಅದಕ್ಕೆ ಉದ್ದನೇ ಟೇಬಲ್ ಒಂದನ್ನ ಪ್ಯಾರಾಮೀಟರ್ ಆಗಿ ಕೊಟ್ಟಿದ್ದೆ. ಒಂದೊಂದು ಸಾಲು ಒಂದೊಂದು ಕೇಸು, ಅದೇ ಟೆಸ್ಟು ಎಲ್ಲ ಸಾಲಿಗೂ ಓಡುತ್ತೆ. ಸಾಲಿನ ತುಂಬ ಬರೀ ನಂಬರ್ರು. ನನ್ನ ಕಣ್ಣಿಗೆ ಚುಕ್ಕಿ ಇಟ್ಟ ರಂಗೋಲಿ ಥರ ಚೆಂದ ಕಾಣ್ತಿತ್ತು.

“ಟೇಬಲ್ ಚೆನ್ನಾಗಿದೆ, ಆದ್ರೆ ಸಾಲಿಗೆ ಹೆಸರಿಲ್ಲ,” ಅಂದ ಭಾರ್ಗವ್. “ಫೇಲ್ ಆಗಿದ್ದು ಯಾವ ಹಣ್ಣಿನ ಕಥೆ ಅಂತ ಯಾರಿಗೆ ಗೊತ್ತಾಗ್ಬೇಕು?”

“ನಂಗೆ ಗೊತ್ತಾಗುತ್ತೆ.”

“ಈಗ ಗೊತ್ತಾಗ್ಲಿಲ್ವಲ್ಲ.”

ಅಷ್ಟು ಹೇಳಿ ನನ್ನ ಕೋಡನ್ನ ವಾಪಸ್ ಕಳಿಸಿ, ಆರಾಮಾಗಿ ಕಾಫಿ ಕುಡಿಯೋಕೆ ಹೋದ. ಅಬ್ಬಾ, ಏನು ಕೊಬ್ಬು!

ಮಧ್ಯಾಹ್ನ ಪೂರ್ತಿ ಕೂತು ಒಂದೊಂದು ಸಾಲಿಗೂ ಹೆಸರಿಟ್ಟೆ. ಕನ್ನಡದಲ್ಲೇ ಇಟ್ಟೆ, ಓದ್ಕೊಳ್ಳಲಿ ಅಂತ. ‘ಬಾದಾಮಿ, ಬಲಿತ ಕಾಯಿ, ತಂಪು ರೂಮು.’ ‘ರಸಪುರಿ, ಎಳೆ ಕಾಯಿ, ತಂಪು ರೂಮು.’ ‘ತೋತಾಪುರಿ, ಬಲಿತ ಕಾಯಿ, ಕರೆಂಟ್ ಹೋಗಿ ಬಿಸಿಯಾದ ರೂಮು.’ ಕೊನೇದಕ್ಕೆ ಮಾತ್ರ, ‘ಮಲ್ಲಿಕಾ, ಬಲಿತ ಕಾಯಿ, ಮಾಲೂರಿನ ಮಹಾನುಭಾವರ ದಯೆಯಿಂದ’ ಅಂತ ಬರೆದೆ.

ಉತ್ತರ ಬಂತು: “ಹೆಸರುಗಳು ತುಂಬಾ ಚೆನ್ನಾಗಿವೆ. ದಯೆ ತೆಗೀರಿ. ಒಂದು ಸಾಲು ಅಂದ್ರೆ ಒಂದು ಹೊಸ ವಿಷಯ. ಹೊಸದೇನೂ ಹೇಳದ ಸಾಲು ಟೇಬಲ್‌ನಲ್ಲಿ ಇರಬಾರದು.”

ತಲೆ ಎತ್ತಿ ನೋಡಿದೆ. ಆ ಕಡೆ ಸೀಟಿನಿಂದ ಅವನೂ ನೋಡ್ತಿದ್ದ. ಈ ಸಲ ತುಟಿಯೂ ನಕ್ಕಿತ್ತು. ಕೆಳಗಿನ ತುಟಿಯ ಎಡಗಡೆ ಒಂದು ಸಣ್ಣ ಮಚ್ಚೆ ಇದೆ ಅನ್ನೋದು ಗೊತ್ತಾಗಿದ್ದು ಆಗಲೇ. ಛೆ, ಬೇಡದ್ದೆಲ್ಲ ಕಾಣುತ್ತಪ್ಪ ಮನುಷ್ಯರಿಗೆ.

ಮಾರನೇ ದಿನ ಇನ್ನೊಂದು ತಕರಾರು.

“ಈ ಕೊನೇ ಕಾಲಮ್, ಇಷ್ಟು ದಿನಕ್ಕೆ ತೆಗೀಬೇಕು ಅನ್ನೋ ಉತ್ತರ, ಎಲ್ಲಿಂದ ತಂದ್ರಿ?”

“ಪ್ರೋಗ್ರಾಮ್ ಓಡಿಸ್ದೆ. ಬಂದಿದ್ದನ್ನ ಹಾಕ್ದೆ. ನಿನ್ನೆ ಫೇಲಾದ ಹದಿನೇಳಕ್ಕೂ ಹಂಗೇ.”

“ಅಂದ್ರೆ ಪ್ರೋಗ್ರಾಮ್ ಸರಿಯಿದೆ ಅಂತ ಪ್ರೋಗ್ರಾಮನ್ನೇ ಸಾಕ್ಷಿಗೆ ಕರೆದ್ರಿ.”

ಅವನು ಹೇಳಿದ್ದು ಸರಿಯಾಗೇ ಇತ್ತು. ಅದಕ್ಕೇ ಜಾಸ್ತಿ ಕೋಪ ಬಂತು.

“ಮತ್ತೆ ಹ್ಯಾಗೆ ತುಂಬ್ಲಿ? ಮಾವಿನಹಣ್ಣನ್ನ ಕೇಳ್ಲಾ?”

“ಹೂಂ,” ಅಂದ ಅವನು. “ಅದನ್ನೇ ಕೇಳೋಣ. ನಿಮ್ಮ ತಂದೆಯವರದ್ದು ಮಂಡಿ ಇದೆಯಂತಲ್ಲ.”

ಹಾಗೆ ಶುರುವಾಗಿದ್ದು. ಒಂದೊಂದು ಸಾಲಿಗೂ ಒಂದೊಂದು ಕ್ರೇಟು. ನಾಯ್ನನ, ಅಂದ್ರೆ ನಮ್ಮಪ್ಪನ, ಮಂಡಿಯ ಹಣ್ಣು ಮಾಡೋ ರೂಮಿನಲ್ಲಿ ಕ್ರೇಟ್ ಇಟ್ಟು, ಅದರ ಮೇಲೆ ಸಾಲಿನ ಹೆಸರು ಅಂಟಿಸಿ, ದಿನಾ ಬೆಳಗ್ಗೆ ಒಂದು ಹಣ್ಣು ಕೊಯ್ದು ತಿಂದು ನೋಡೋದು. ಇಬ್ಬರೂ ಸರಿ ಅಂದ ದಿನವೇ ಆ ಸಾಲಿನ ಉತ್ತರ. ಅವನು ಮುಳಬಾಗಿಲಿನವನು, ತನ್ನ ಮನೆಯಿಂದ ಬೈಕಲ್ಲಿ ಬರ್ತಿದ್ದ. ಬರುವಾಗ ಡಬ್ಬಿಯಲ್ಲಿ ಮುಳಬಾಗಿಲು ದೋಸೆ ತರ್ತಿದ್ದ. ಅಲ್ಲಿಂದ ಆಫೀಸಿಗೆ ನಾನು ಬಸ್ಸಲ್ಲಿ, ಅವನು ಬೈಕಲ್ಲಿ. ಮೊದಮೊದಲು ಹಾಗೆ.

ರಸಪುರಿ ಹಣ್ಣಾದ ಮೊದಲನೇ ದಿನ ಅವನು ಜೇಬಿಂದ ಪುಟ್ಟ ಚಾಕು ತೆಗೆದು, ಸಿಪ್ಪೆ ಹೆರೆದು, ಚೌಕ ಚೌಕ ಕತ್ತರಿಸೋಕೆ ಹೊರಟ. ನನಗೆ ತಡೆಯೋಕಾಗ್ಲಿಲ್ಲ.

“ಅಯ್ಯೋ ರಾಮಾ! ರಸಪುರೀನ ಯಾರಾದ್ರೂ ಕೊಯ್ತಾರೇನ್ರೀ? ಇಲ್ಲಿ ಕೊಡಿ.”

ಎರಡು ಅಂಗೈ ಮಧ್ಯೆ ಇಟ್ಟು ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಮೊದಲ ಹನಿ ಸೊನೆ ಚೆಲ್ಲಿ, ಅವನ ಕೈಗಿಟ್ಟೆ. “ಹೀರಿ. ನಿಧಾನಕ್ಕೆ.”

ಅವನಿಗೆಲ್ಲಿ ನಿಧಾನ? ರಸ ಗಲ್ಲದ ಮೇಲಿಂದ ಇಳಿದು, ಮಣಿಕಟ್ಟಿಗೆ ಬಂದು, ಮಡಿಸಿದ ತೋಳಿನೊಳಗೆ ಹೋಯ್ತು. ಕನ್ನಡಕದ ಮೇಲೂ ಒಂದು ಹನಿ. ಒರೆಸಿಕೊಳ್ಳೋಕೆ ಎರಡು ಕೈಯೂ ಅಂಟು. ಪಾಪ, ಹಾಗೇ ನಿಂತಿದ್ದ. ನಾನು ಕನ್ನಡಕ ತೆಗೆದು ನನ್ನ ದುಪ್ಪಟ್ಟದ ತುದಿಯಿಂದ ಒರೆಸಿ ಮತ್ತೆ ಮೂಗಿನ ಮೇಲಿಟ್ಟೆ. ಇಡುವಾಗ ಬೆರಳು ಕಿವಿಗೆ ತಾಗಿತು. ಕಿವಿ ಕೆಂಪಾಗಿತ್ತು.

“ಹೇಗಿದೆ?” ಅಂದೆ.

“ಸರಿಯಾಗಿದೆ,” ಅಂದ. ಹಣ್ಣು ಅವನ ಕೈಯಲ್ಲಿತ್ತು, ಕಣ್ಣು ನನ್ನ ಮೇಲಿತ್ತು.

“ಏಮ್ಮಾ,” ಅಂತ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡಿದ್ದ ನಾಯ್ನ ಕೂಗಿದರು. ನಮ್ಮಪ್ಪ ಮುನಿರಾಮಪ್ಪನವರಿಗೆ ಮೆಲ್ಲಗೆ ಮಾತಾಡೋದು ಗೊತ್ತೇ ಇಲ್ಲ. “ಈ ಹುಡುಗ ಹಣ್ಣು ತಿನ್ನೋಕೆ ಸಂಬಳ ತಗೋತಾನಾ?”

“ಹೌದು ನಾಯ್ನಾ!”

“ಒಳ್ಳೇ ಕೆಲಸ ಕಣಮ್ಮ,” ಅಂದು ಪೇಪರ್ ಮೇಲೆತ್ತಿಕೊಂಡರು.

ದಿನಗಳು ಹಂಗೇ ಹೋದವು. ನಾನು ಅವನ ಬೈಕಿನ ಹಿಂದೆ ಕೂತು ಕೋಲಾರಕ್ಕೆ ಹೋಗೋದು ಯಾವತ್ತಿಂದ ಶುರುವಾಯ್ತೋ ನನಗೇ ನೆನಪಿಲ್ಲ. ದಾರಿಯುದ್ದಕ್ಕೂ ಜಗಳ. ಒಳ್ಳೇ ಸಾಲನ್ನೂ ತಪ್ಪು ಸಾಲನ್ನೂ ಒಂದೇ ಟೇಬಲ್‌ನಲ್ಲಿ ಇಡಬಾರದು ಅಂತ ಅವನು. ಇಟ್ರೆ ಏನು ಗಂಟು ಹೋಗುತ್ತೆ ಅಂತ ನಾನು. “ಟೆಸ್ಟ್ ಒಳಗೆ ‘ಹೀಗಿದ್ರೆ ಹಾಗೆ’ ಅಂತ ಕವಲು ಬಂದ್ರೆ, ಆ ಟೆಸ್ಟಿಗೇ ಇನ್ನೊಂದು ಟೆಸ್ಟ್ ಬೇಕಾಗುತ್ತೆ ಕಣ್ರೀ,” ಅಂತ ಗಾಳಿಗೆ ಎದುರಾಗಿ ಕೂಗ್ತಿದ್ದ. ನಾನು ಎರಡು ಟೇಬಲ್ ಮಾಡಿದೆ. ಹಣ್ಣಾಗೋ ಕಾಯಿಗೆ ಒಂದು, ರೂಮಿಗೇ ಹಾಕಬಾರದ ಕಾಯಿಗೆ ಇನ್ನೊಂದು. ಚೆನ್ನಾಗೇ ಆಯ್ತು. ಅವನಿಗೆ ಹೇಳಲಿಲ್ಲ ಅಷ್ಟೆ.

ಟೆಸ್ಟ್ ಓದೋಕೆ ಎಷ್ಟು ಸಲೀಸಾಯ್ತು ಅಂದ್ರೆ, ಕೋಡ್ ಅಂದ್ರೇನು ಅಂತ ಗೊತ್ತಿಲ್ಲದ ನಾಯ್ನ ಒಂದಿನ ನನ್ನ ಲ್ಯಾಪ್‌ಟಾಪ್ ನೋಡಿ, “ಎಳೇ ಬಾದಾಮಿ, ಬಿಸಿ ರೂಮು… ಇದು ಹಾಳಾಗುತ್ತಲ್ಲಮ್ಮ,” ಅಂತ ತಾವೇ ಓದಿಕೊಂಡರು. ನನಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯ್ತು. ಅದನ್ನ ಮೊದಲು ಹೇಳಬೇಕು ಅನ್ನಿಸಿದ್ದು ಭಾರ್ಗವ್‌ಗೆ. ಅಲ್ಲಿಗೆ ನನಗೆ ಗೊತ್ತಾಗಿಹೋಯ್ತು, ನನ್ನ ಕಥೆ ಮುಗೀತು ಅಂತ.

ಆದರೆ ಒಂದು ತೊಡಕಿತ್ತು. ನಮ್ಮ ಬಾಸ್ ಚಂದ್ರಮೋಹನ್ ಸರ್ ಮೊದಲೇ ಹೇಳಿಬಿಟ್ಟಿದ್ದರು: ಎಲ್ಲ ಸಾಲೂ ಹಸಿರಾದ ದಿನ ಭಾರ್ಗವ್ ವಾಪಸ್ ಮಾಲೂರಿಗೆ, ಬೇರೆ ಪ್ರಾಜೆಕ್ಟಿಗೆ. ಟೆಸ್ಟ್ ಪಾಸಾದ್ರೆ ಹಸಿರು, ಫೇಲಾದ್ರೆ ಕೆಂಪು. ಹಸಿರು ನೋಡೋಕೆ ಹಾತೊರೀತಿದ್ದ ನನಗೆ ಈಗ ಒಂದೊಂದು ಹಸಿರು ಬಂದಾಗಲೂ ಎದೆ ಧಸಕ್ ಅನ್ನೋದು.

“ಮಾಲೂರೇನು ಸಮುದ್ರ ದಾಟಿ ಇದೆಯಾ? ಬಸ್ ಹತ್ತಿದ್ರೆ ಬಂತು,” ಅಂತ ಆಶಾ ನಗ್ತಿದ್ದಳು.

ದೂರದ ಮಾತಲ್ಲ ಅದು. ನೆಪದ ಮಾತು. ಮಾವಿನಹಣ್ಣು ಮುಗಿದ ಮೇಲೆ ಯಾವ ಕಾರಣ ಹೇಳಿ ದಿನಾ ನೋಡೋದು? ಅದೂ ಅಲ್ಲದೆ ನಮ್ಮ ದೊಡ್ಡಮ್ಮ ವೆಂಕಟರತ್ನಮ್ಮ ಚಿಂತಾಮಣಿಯಲ್ಲಿ ಯಾರನ್ನೋ ನೋಡಿಟ್ಟಿದ್ದರು. “ಸೀಸನ್ ಮುಗೀಲಿ, ಹುಡುಗನ್ನ ಕರೆಸೋಣ,” ಅಂತ ನಾಯ್ನನೂ ತಲೆಯಾಡಿಸಿದ್ದರು. ಭಾರ್ಗವ್ ಬಾಯಿ ಬಿಡ್ತಿಲ್ಲ. ನಾನೇ ಬಿಡೋಣ ಅಂದ್ರೆ, ಅವರ ಮನೆ ಬೇರೆ, ನಮ್ಮ ಮನೆ ಬೇರೆ. ಅವರ ಅಪ್ಪ ಮುಳಬಾಗಿಲಲ್ಲಿ ಅಕೌಂಟೆಂಟು, ತಾತ ಪೂಜೆ ಮಾಡಿಕೊಂಡಿದ್ದವರು. ನಮ್ಮನೇಲಿ ಭಾನುವಾರ ಅಂದ್ರೆ ಮಟನ್ ಸಾರಿನ ಘಮ. ಅವನ ಮನಸ್ಸಲ್ಲಿ ಏನಿದೆಯೋ, ಬರೀ ಹಣ್ಣಿನ ಸ್ನೇಹವೋ. ಕೇಳಿ ಇಲ್ಲ ಅನ್ನಿಸಿಕೊಂಡ್ರೆ ಇರೋದೂ ಹೋಗುತ್ತಲ್ಲ ಅಂತ ನುಂಗಿಕೊಂಡೆ.

ಕೊನೆಗೆ ಒಂದೇ ಕ್ರೇಟ್ ಉಳೀತು. ಅದೂ ಹಣ್ಣಾಯ್ತು. ಶನಿವಾರ ಬೆಳಗ್ಗೆ ಆ ಸಾಲನ್ನ ತುಂಬಿ ಅವನು ಕಳಿಸಿದ. ಇಬ್ಬರೂ ಒಬ್ಬರದ್ದೊಬ್ಬರು ನೋಡಿ ಒಪ್ಪಬೇಕು ಅನ್ನೋದು ಅವನೇ ಮಾಡಿದ ನಿಯಮ. ನಾನು ತೆಗೆದು ನೋಡಿದೆ.

ಒಂದು ಸಾಲಲ್ಲ, ಮೂರು ಜಾಸ್ತಿ ಇದ್ದವು.

‘ಬಾದಾಮಿ, ಬಲಿತ ಕಾಯಿ, ತಂಪು ರೂಮು, ಸೋಮವಾರ ಕಿತ್ತದ್ದು.’

‘ಬಾದಾಮಿ, ಬಲಿತ ಕಾಯಿ, ತಂಪು ರೂಮು, ಮಂಗಳವಾರ ಕಿತ್ತದ್ದು.’

‘ಬಾದಾಮಿ, ಬಲಿತ ಕಾಯಿ, ತಂಪು ರೂಮು, ಬುಧವಾರ ಕಿತ್ತದ್ದು.’

ಮೂರಕ್ಕೂ ಉತ್ತರದ ಜಾಗ ಖಾಲಿ. ಪಕ್ಕದಲ್ಲಿ, ‘ಹೊಸ ಕ್ರೇಟ್ ಇಟ್ಟು ನೋಡಬೇಕು’ ಅಂತ ಬರೆದಿದ್ದ.

ಮೊದಲು ನಗು ಬಂತು. ನಮ್ಮ ಪ್ರೋಗ್ರಾಮಿಗೆ ವಾರ ಅಂದ್ರೇನು ಅಂತಲೇ ಗೊತ್ತಿಲ್ಲ. ಮಾವಿನಕಾಯಿಗೂ ಗೊತ್ತಿಲ್ಲ. ಹೊಸದೇನೂ ಹೇಳದ ಸಾಲು ಇರಬಾರದು ಅಂತ ನನ್ನ ಜೀವ ತಿಂದ ಮನುಷ್ಯ, ಒಂದೇ ಮಾತನ್ನ ಮೂರು ಸಲ ಬರೆದು ಕಳಿಸಿದಾನೆ! ಆಮೇಲೆ ನಗು ನಿಂತುಹೋಯ್ತು. ಹೊಸ ಕ್ರೇಟ್ ಇಟ್ರೆ ಇನ್ನೊಂದು ವಾರ. ಇನ್ನೊಂದು ವಾರ ದೋಸೆ, ಬೈಕು, ಜಗಳ. ಇವನೂ ನನ್ನ ಹಾಗೇ ದಿನ ಕದೀತಿದಾನೆ.

ಸಂತೋಷಕ್ಕೆ ಆ ಮೂರು ಸಾಲನ್ನ ಮತ್ತೆ ಮೊದಲಿಂದ ಓದಿದೆ.

“ಒಪ್ಪಿಗೆ ಒತ್ತೇ,” ಅಂತ ಆಶಾ ಭುಜದ ಮೇಲಿಂದ ಬಗ್ಗಿ ನೋಡಿದಳು. “ಯಾರಿಗೆ ಗೊತ್ತಾಗುತ್ತೆ? ಇನ್ನೊಂದು ವಾರ ಇರ್ತಾನೆ.”

ಒತ್ತಬೇಕು ಅಂತ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆದರೆ ಒಂದು ವಾರ ಆದಮೇಲೆ? ಗುರುವಾರ ಕಿತ್ತದ್ದು, ಶುಕ್ರವಾರ ಕಿತ್ತದ್ದು ಅಂತ ಮಳೆಗಾಲದವರೆಗೂ ಎಳೀತಾನಾ? ಅಷ್ಟರಲ್ಲಿ ಚಿಂತಾಮಣಿಯವರು ಬಂದು ಕಾಫಿ ಕುಡಿದು ಹೋಗಿರ್ತಾರೆ. ನನಗೆ ಒಂದು ವಾರ ಬೇಕಾಗಿರಲಿಲ್ಲ. ಅವನೇ ಬೇಕಾಗಿತ್ತು.

ಒಪ್ಪಲಿಲ್ಲ. ಕೆಳಗೆ ಬರೆದೆ: “ಈ ಮೂರೂ ಹೊಸದೇನೂ ಹೇಳ್ತಿಲ್ಲ, ತೆಗೀರಿ. ಹೊಸದಾಗಿ ಹೇಳೋದು ಏನಾದ್ರೂ ಇದ್ರೆ ಬಾಯಲ್ಲಿ ಹೇಳಿ.”

ಆ ಕಡೆ ಕುರ್ಚಿ ಹಿಂದಕ್ಕೆ ಜರುಗಿದ ಸದ್ದಾಯ್ತು. ಅವನು ಎದ್ದು ನನ್ನ ಹತ್ರ ಬರಲಿಲ್ಲ. ನೇರ ಮಹಡಿ ಮೆಟ್ಟಿಲು ಹತ್ತಿ ಹೋದ. ನಾನೂ ಹಿಂದೆಯೇ ಹೋದೆ.

ಮೇಲೆ ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ನಿಂತಿದ್ದ. ದೂರದಲ್ಲಿ ಅಂತರಗಂಗೆ ಬೆಟ್ಟ ಬಿಸಿಲಿಗೆ ಬೆಳ್ಳಗೆ ಕಾಣ್ತಿತ್ತು. ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿದ. ಮತ್ತೆ ತೆಗೆದ.

“ಸಿಕ್ಕಿಬಿದ್ದೆ,” ಅಂದ.

“ಮಂಗಳವಾರದ ಮಾವಿನಕಾಯಂತೆ! ನಾಚಿಕೆ ಆಗ್ಲಿಲ್ವೇನ್ರೀ?”

“ಆಯ್ತು. ಆದ್ರೂ ಬರೆದೆ.” ಆಮೇಲೆ ಬೆಟ್ಟದ ಕಡೆ ನೋಡ್ತಾ ಹೇಳಿದ. “ಶ್ರೀವಾಣಿ, ನಂಗೆ ಮಾಲೂರಿಗೆ ಹೋಗೋಕೆ ಇಷ್ಟ ಇಲ್ಲ. ಬೆಳಗ್ಗೆ ನಿಮ್ಮ ಬೈಗುಳ ಕೇಳ್ದೆ ದಿನ ಶುರು ಮಾಡೋದು ಮರೆತೇಹೋಗಿದೆ. ನೀವಂದ್ರೆ ನಂಗೆ… ತುಂಬಾ ಇಷ್ಟ. ಹೇಳಿದ್ರೆ ನೀವು ಒಪ್ಪಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.”

“ಒಪ್ಪಲ್ಲ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೆ.”

“ಅಂದ್ರೆ ನನ್ನ ಉತ್ತರಾನ ನೀವೇ ತುಂಬಿಕೊಂಡ್ರಿ. ನನ್ನ ಕೇಳ್ದೆ. ನಾನು ಹಂಗೆ ತುಂಬಿದಾಗ ಎಷ್ಟು ದೊಡ್ಡ ಭಾಷಣ ಬಿಗಿದ್ರಿ!”

ಅವನು ತಿರುಗಿ ನೋಡಿದ. ಆ ಮುಖ ನೋಡಿ ನನ್ನ ಕೋಪವೆಲ್ಲ ಕರಗಿಹೋಯ್ತು. ಇಷ್ಟು ಓದಿಕೊಂಡವನು, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹೆದರಿಕೊಂಡಿದ್ದ.

“ನಂಗೂ ನೀವೇ ಬೇಕು,” ಅಂದೆ. “ಈಗ ಹೋಗಿ ಆ ಮೂರು ಸಾಲು ತೆಗೀರಿ.”

ಅವನು ನಕ್ಕ. ಜೋರಾಗಿ, ಬಾಯಿ ತುಂಬಾ. ನನ್ನ ಕೈ ಹಿಡಿಯೋಕೆ ಬಂದು, ಮೆಟ್ಟಿಲ ಹತ್ರ ಯಾರೋ ಬಂದ ಸದ್ದಿಗೆ ಬಿಟ್ಟು, ಯಾರೂ ಇಲ್ಲ ಅಂತ ಗೊತ್ತಾಗಿ ಮತ್ತೆ ಹಿಡ್ಕೊಂಡ. ಬೆಚ್ಚಗಿತ್ತು ಕೈ.

“ಅಪ್ಪನಿಗೆ ಹೇಳಿದ್ದೆ,” ಅಂದ. “‘ಮೊದಲು ಹುಡುಗೀನ ಕೇಳೋ, ಆಮೇಲೆ ನನ್ನ ಕೇಳು’ ಅಂದ್ರು. ಅಮ್ಮ ಮಾತ್ರ ಏನೂ ಅಂದಿಲ್ಲ. ಆವತ್ತಿಂದ ನನ್ನ ಹತ್ರ ಮಾತೂ ಆಡಿಲ್ಲ. ಡಬ್ಬಿಗೆ ದೋಸೆ ಹಾಕಿಕೊಡ್ತಾರೆ ಅಷ್ಟೆ.”

ಇಬ್ಬರೂ ಕೆಳಗಿಳಿದು ಬಂದ್ವಿ. ಅವನು ಸಾಲು ತೆಗೆದ, ನಾನು ಒಪ್ಪಿಗೆ ಒತ್ತಿದೆ. ಎಲ್ಲ ಸಾಲೂ ಒಂದೊಂದಾಗಿ ಹಸಿರಾದವು. ಚಂದ್ರಮೋಹನ್ ಸರ್ ಕೇಸರಿಬಾತ್ ತರಿಸಿದರು. ಭಾರ್ಗವ್ ಸೋಮವಾರ ಮಾಲೂರಿಗೆ ಅಂತ ಎಲ್ಲರಿಗೂ ಹೇಳಿದರು.

ಸಂಜೆ ನಾನು ನೇರ ಮಂಡಿಗೆ ಹೋದೆ. ನಾಯ್ನ ಲಾರಿಗೆ ಕ್ರೇಟ್ ಏರಿಸ್ತಿದ್ದ ಹುಡುಗರಿಗೆ ಕೂಗ್ತಿದ್ದರು. ನಾನು ಎದುರಿಗೆ ನಿಂತೆ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ.

“ನಾಯ್ನಾ, ಚಿಂತಾಮಣಿಯವರು ಬೇಡ. ನಂಗೆ ಭಾರ್ಗವ್ ಇಷ್ಟ.”

ನಾಯ್ನ ಕೂಗೋದು ನಿಲ್ಲಿಸಿದರು. ಟವಲ್ಲಿಂದ ಕತ್ತು ಒರೆಸಿಕೊಂಡರು.

“ಆ ಹಣ್ಣು ತಿನ್ನೋ ಹುಡುಗ?”

“ಹೂಂ.”

“ಸೀಸನ್ ಪೂರ್ತಿ ನೋಡಿದೀನಿ ಕಣಮ್ಮ. ಅವನು ಒಂದು ದಿನಾನೂ ಹಣ್ಣು ನೋಡಿ ತಿನ್ನಲಿಲ್ಲ.” ಕುರ್ಚಿಯಲ್ಲಿ ಕೂತರು. “ಅವರ ಮನೇಲಿ ಏನಂತಾರೆ?”

“ಅವರಮ್ಮ ಏನೂ ಹೇಳ್ತಿಲ್ಲವಂತೆ.”

“ಹೇಳದಿದ್ರೆ ಕೇಳೋದು. ನಂಬರ್ ಕೊಡು.”

“ಈಗಲೇನಾ? ನಾಯ್ನಾ, ತಾಳು—”

ತಾಳೋದು ಅವರಿಗೆಲ್ಲಿ ಗೊತ್ತು. ನಾನು ಭಾರ್ಗವ್‌ಗೆ ಫೋನ್ ಮಾಡಿ ನಂಬರ್ ಕೇಳಿದೆ. ನಾಯ್ನ ತಮ್ಮ ಫೋನಿಂದ ಮುಳಬಾಗಿಲಿಗೆ ಫೋನ್ ಮಾಡಿದರು. ನನ್ನ ಫೋನಲ್ಲಿ ಭಾರ್ಗವ್ ಹಾಗೇ ಇದ್ದ.

“ನಿಜವಾಗ್ಲೂ ಮಾಡ್ತಿದಾರಾ?” ಅಂತ ಅವನ ದನಿ ಒಡೆದು ಬಂತು.

“ರಿಂಗ್ ಆಗ್ತಿದೆ.”

ಫೋನ್ ಎತ್ತಿದ್ದು ಅವರಪ್ಪ ಅಲ್ಲ, ಅವರಮ್ಮ ಗುಂಡಮ್ಮನವರು. ನಾಯ್ನ ಎದ್ದು ನಿಂತು, “ನಮಸ್ಕಾರ ತಾಯಿ, ಶ್ರೀನಿವಾಸಪುರದಿಂದ ಮುನಿರಾಮಪ್ಪ, ಶ್ರೀವಾಣಿ ತಂದೆ,” ಅಂದರು. ಆ ಕಡೆ ಏನಂದರೋ, ನಾಯ್ನನ ಮುಖ ಅರಳಿತು. ಇದ್ದಕ್ಕಿದ್ದಂತೆ ತೆಲುಗಿಗೆ ಇಳಿದುಬಿಟ್ಟರು. ಅವರ ಮನೇಲೂ ತೆಲುಗೇ ಅಂತೆ. ಆಮೇಲೆ ನೋಡಿ, ಮಾತೋ ಮಾತು. ಉಪ್ಪಿನಕಾಯಿಗೆ ಯಾವ ಕಾಯಿ, ಈ ಸಲ ನಾರು ಎಷ್ಟು, ಹುಳಿ ಎಷ್ಟು.

“ಏನಾಯ್ತು?” ಅಂದ ಭಾರ್ಗವ್.

“ಮಾವಿನಕಾಯಿ ವಿಷಯ ಮಾತಾಡ್ತಿದಾರೆ.”

“ಇನ್ನೂ?”

“ಇನ್ನೂ.”

ಕೊನೆಗೆ ನಾಯ್ನ ಫೋನನ್ನ ಎದೆಗೆ ಒತ್ತಿಹಿಡಿದು ನನ್ನ ಕಡೆ ತಿರುಗಿದರು. “ಬರೋ ಭಾನುವಾರ ಬರ್ತಾರಂತೆ. ಉಪ್ಪಿನಕಾಯಿಗೆ ಕಾಯಿ ಬೇಕಂತೆ.”

“ಅಷ್ಟೇನಾ ನಾಯ್ನಾ?” ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು.

“ಅಯ್ಯೋ ಪೆದ್ದೀ,” ಅಂದರು. “ಬರೀ ಕಾಯಿಗೆ ಬರೋರು ಗಂಡ, ಮಗ ಎಲ್ಲರನ್ನೂ ಕರ್ಕೊಂಡು ಯಾಕೆ ಬರ್ತಾರೆ? ಹುಡುಗಿ ಮನೇಲಿರ್ತಾಳಾ ಅಂತ ಕೇಳ್ತಿದಾರೆ. ಏನು ಹೇಳ್ಲಿ?”

ನಾನು ತಲೆಯಾಡಿಸಿದೆ. ನಾಯ್ನ ಮತ್ತೆ ಫೋನ್ ಕಿವಿಗಿಟ್ಟುಕೊಂಡರು.

“ಏನಂದ್ರು? ಅಮ್ಮ ಏನಂದ್ರು, ಹೇಳಿ ಬೇಗ,” ಅಂತ ಭಾರ್ಗವ್ ನನ್ನ ಕಿವಿಯಲ್ಲಿ ಒದ್ದಾಡ್ತಿದ್ದ.

“ಭಾನುವಾರ ಹುಡುಗಿ ಮನೇಲಿರ್ತಾಳಾ ಅಂತ ಕೇಳಿದ್ರು.”

ಅವನು ತುಂಬಾ ಮೆಲ್ಲಗೆ ಕೇಳಿದ, “ಇರ್ತೀಯಾ?”

“ಇರ್ತೀನಿ ಕಣೋ,” ಅಂದೆ.